ಮೂರು ಗಂಟೆಯ ಪತ್ರಿಕೆಗೆ ನನಗೆ ನಾಲ್ಕು ಗಂಟೆ

ಪರೀಕ್ಷೆಯಲ್ಲಿ ನನಗೆ ಒಂದು ಗಂಟೆ ಜಾಸ್ತಿ ಕೊಡುತ್ತಾರೆ. ಎಲ್ಲರಿಗೂ ಮೂರು ಗಂಟೆ ಆದರೆ ನನಗೆ ನಾಲ್ಕು. ಓದುವುದರಲ್ಲಿ ತೊಂದರೆ ಇದೆ, ಅದು ಡಿಸ್ಲೆಕ್ಸಿಯಾ ಎಂದು ಸೈಕಾಲಜಿಸ್ಟ್ ಬರೆದುಕೊಟ್ಟ ರಿಪೋರ್ಟ್ ಇದೆ, ಅದಕ್ಕೆ. ಈ ವಿಷಯ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಮಿಕ್ಕವರಿಗೆ ಇದು ಅನ್ಯಾಯ ಅಲ್ವಾ? ಕೆಲವರು ಬಾಯಿಬಿಟ್ಟು ಕೇಳುತ್ತಾರೆ. ಕೆಲವರು ಮುಖದಲ್ಲೇ ಕೇಳುತ್ತಾರೆ. ಅದು ಕೆಟ್ಟ ಪ್ರಶ್ನೆ ಅಂತ ನನಗೆ ಯಾವತ್ತೂ ಅನಿಸಿಲ್ಲ. ರಿಪೋರ್ಟ್ ಮಾಡಿಸಿದ್ದು, ಅರ್ಜಿ ಕೊಟ್ಟಿದ್ದು, ಬೇರೆ ಕೋಣೆಯಲ್ಲಿ ಕೂತು ಬರೆದಿದ್ದು, ಇಷ್ಟರ ಉದ್ದಕ್ಕೂ ಆ ಪ್ರಶ್ನೆ ನನ್ನ ಜೊತೆಗೇ ಇತ್ತು.

ಮೊದಲು ತೊಂದರೆ ಏನು ಅಂತ ಹೇಳಬೇಕು. ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

ನನಗೆ ಓದಲು ಬರುತ್ತದೆ. ಗಟ್ಟಿಯಾಗಿ ಓದು ಅಂದರೆ ಬಹುಪಾಲು ತಪ್ಪಿಲ್ಲದೆ ಓದುತ್ತೇನೆ. ಆದರೆ ತುಂಬಾ ನಿಧಾನ. ಪಕ್ಕದವರು ಪುಟ ತಿರುವುವಾಗ ನಾನಿನ್ನೂ ಎರಡನೇ ಪ್ಯಾರಾದಲ್ಲಿ ಇರುತ್ತೇನೆ. 'ರಾಷ್ಟ್ರೀಯ' ಅನ್ನೋ ಪದ ಎದುರಾಯಿತು ಅಂದುಕೊಳ್ಳಿ. ನಿಮ್ಮ ಕಣ್ಣು ಅದನ್ನು ಒಟ್ಟಿಗೆ ಎತ್ತಿಕೊಂಡು ಮುಂದೆ ಹೋಗುತ್ತದೆ. ನಾನು ಷ ನೋಡಬೇಕು, ಅದರ ಕೆಳಗಿನ ಒತ್ತು ನೋಡಬೇಕು, ಅದರ ಜೊತೆಗಿರುವ ಇನ್ನೊಂದು ಒತ್ತು ನೋಡಬೇಕು, ಆಮೇಲೆ ದೀರ್ಘ ಸೇರಿಸಬೇಕು. ನೂರು ಸಲ ಓದಿದ ಪದವೇ ಆಗಿರಬಹುದು, ಮತ್ತೆ ಕಂಡಾಗ ಹೊಸದಾಗಿ ಬಿಡಿಸಿಕೊಳ್ಳಬೇಕು. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲ ಅರ್ಧ ಮರೆತಿರುತ್ತೇನೆ. ಮತ್ತೆ ಶುರುವಿನಿಂದ.

ಕನ್ನಡದಂಥ ಲಿಪಿಯಲ್ಲಿ ಬರೆದದ್ದಕ್ಕೂ ಉಚ್ಚರಿಸುವುದಕ್ಕೂ ಹೊಂದಿಕೆ ಚೆನ್ನಾಗಿದೆ. ಹಾಗಾಗಿ ಕಷ್ಟಪಟ್ಟಾದರೂ ಸರಿಯಾದ ಪದಕ್ಕೆ ತಲುಪಬಹುದು. ಇಂಗ್ಲಿಷಿನಲ್ಲಿ ಹಾಗಲ್ಲ, ಅಲ್ಲಿ ತಪ್ಪುಗಳು ಎದ್ದು ಕಾಣುತ್ತವೆ. ಇಟಾಲಿಯನ್, ಸ್ಪ್ಯಾನಿಶ್, ಜರ್ಮನ್ ಓದುವ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲೂ ಇದೇ ಕಂಡಿದೆ. ಬರೆದಂತೆ ಓದುವ ಭಾಷೆಗಳಲ್ಲಿ ಡಿಸ್ಲೆಕ್ಸಿಯಾ ಇರುವವರು ತಪ್ಪು ಓದುವುದಕ್ಕಿಂತ ನಿಧಾನವಾಗಿ ಓದುವುದೇ ಹೆಚ್ಚು. ಅದಕ್ಕೇ ನಮ್ಮನ್ನು ಯಾರೂ ನಂಬುವುದಿಲ್ಲ. "ಸರಿಯಾಗೇ ಓದ್ತೀಯಲ್ಲ, ಇನ್ನೇನು ಕಷ್ಟ?" ಅಂತ ಮನೆಯಲ್ಲೂ ಕೇಳಿದರು, ಶಾಲೆಯಲ್ಲೂ ಕೇಳಿದರು. ಗಡಿಯಾರ ಇಟ್ಟುಕೊಂಡು ನೋಡಿದವರು ಯಾರೂ ಇರಲಿಲ್ಲ.

ನೋಡಿದ್ದು ಕಾಲೇಜಿನ ಅರ್ಥಶಾಸ್ತ್ರದ ಮೇಡಂ. ಕ್ಲಾಸಿನಲ್ಲಿ ಬಾಯಿಮಾತಲ್ಲಿ ಕೇಳಿದರೆ ನಾನು ಉತ್ತರ ಹೇಳುತ್ತಿದ್ದೆ, ಕೆಲವೊಮ್ಮೆ ಅವರು ನಿರೀಕ್ಷಿಸಿದ್ದಕ್ಕಿಂತ ಮುಂದೆ ಹೋಗಿ ಹೇಳುತ್ತಿದ್ದೆ. ಉತ್ತರ ಪತ್ರಿಕೆ ನೋಡಿದರೆ ಮೊದಲ ಮೂರು ಪ್ರಶ್ನೆ ಚೆನ್ನಾಗಿ ಬರೆದು ಮಿಕ್ಕದ್ದೆಲ್ಲ ಖಾಲಿ. ಒಂದು ದಿನ ಕರೆದು, ಖಾಲಿ ಬಿಟ್ಟಿದ್ದ ಪ್ರಶ್ನೆಗಳನ್ನು ತಾವೇ ಓದಿ ಹೇಳಿ ಒಂದೊಂದಾಗಿ ಉತ್ತರ ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ನಿಂಗೆ ವಿಷಯ ಗೊತ್ತಿದೆ ಕಣಮ್ಮ, ಓದೋದು ಚೆಕ್ ಮಾಡಿಸು" ಅಂದರು.

ಇದು ಹೊಸ ಕಥೆ ಅಲ್ಲ ಅಂತ ಆಮೇಲೆ ತಿಳಿಯಿತು. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದಿದ್ದರು. ಬುದ್ಧಿವಂತ, ಆಟದಲ್ಲೂ ಚುರುಕು, ಆದರೆ ಓದಲು ಬರುವುದಿಲ್ಲ. ಪಾಠವೆಲ್ಲ ಬಾಯಿಮಾತಲ್ಲೇ ನಡೆದಿದ್ದರೆ ಇಡೀ ಶಾಲೆಗೆ ಇವನೇ ಜಾಣ ಆಗುತ್ತಿದ್ದ ಅಂತ ಅವನ ಮೇಷ್ಟ್ರು ಹೇಳಿದ್ದನ್ನೂ ಅವರು ದಾಖಲಿಸಿದ್ದಾರೆ. ನೂರು ವರ್ಷಕ್ಕೂ ಹಿಂದಿನ ಆ ಮೇಷ್ಟ್ರ ಮಾತೇ ನಮ್ಮ ಮೇಡಂ ಮಾತು. ಗೊತ್ತಿರುವುದು ಬೇರೆ, ಕಾಗದದ ಮೂಲಕ ಅದನ್ನು ತೋರಿಸುವುದು ಬೇರೆ.

ಅಸೆಸ್‌ಮೆಂಟ್ ಹೇಗಿರುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಒಂದು ಫಾರಂ ತುಂಬಿಸಿ ಸಹಿ ಹಾಕಿಕೊಡುತ್ತಾರೆ ಅನ್ನೋ ಕಲ್ಪನೆ ಇದೆ. ನನ್ನ ಅನುಭವ ಹಾಗಿರಲಿಲ್ಲ. ಮೊದಲು ಚಿಕ್ಕಂದಿನ ಕಥೆಯೆಲ್ಲ ಕೇಳಿದರು. ಮಾತು ಯಾವಾಗ ಬಂತು, ಅಕ್ಷರ ಕಲಿಯುವಾಗ ಹೇಗಿತ್ತು, ಮನೆಯಲ್ಲಿ ಇನ್ನಾರಿಗಾದರೂ ಹೀಗೆ ಇದೆಯಾ ಅಂತ. ಅಪ್ಪ ಯಾವ ಕಾಗದವನ್ನೂ ಪೂರ್ತಿ ಓದದೆ ಅಮ್ಮನ ಕೈಗೆ ಕೊಡುತ್ತಿದ್ದುದು ನನಗೆ ನೆನಪಾಗಿದ್ದು ಆಗಲೇ. ಈ ತೊಂದರೆ ಕುಟುಂಬಗಳಲ್ಲಿ ಹರಿದುಬರುವುದು ಸಾಮಾನ್ಯ ಅಂತ ಸೈಕಾಲಜಿಸ್ಟ್ ಹೇಳಿದರು. ಹಳೆಯ ಮಾರ್ಕ್ಸ್ ಕಾರ್ಡು, ನೋಟ್ ಬುಕ್ ಎಲ್ಲ ತರಿಸಿಕೊಂಡು ನೋಡಿದರು.

ಆಮೇಲೆ ಪರೀಕ್ಷೆಗಳು. ಬುದ್ಧಿಮತ್ತೆಯದ್ದು ಒಂದು. ಅದರಲ್ಲಿ ಪದಗಳ ಅರ್ಥ ಹೇಳುವುದು, ಚಿತ್ರದ ವಿನ್ಯಾಸ ಬಿಡಿಸುವುದು ಎಲ್ಲ ಸಲೀಸಾಗಿ ಹೋಯಿತು. ಅಂಕಿಗಳನ್ನು ಹೇಳಿ ಹಿಂದುಮುಂದಾಗಿ ಒಪ್ಪಿಸು ಅಂದಾಗ ತಡವರಿಸಿದೆ. ಓದುವ ಭಾಗ ಬಂದಾಗ ಒಂದು ಹಾಳೆ ಮುಂದಿಟ್ಟರು. ಅದರಲ್ಲಿದ್ದುದು ಯಾವ ಅರ್ಥವೂ ಇಲ್ಲದ ಪದಗಳು, ಟಿಮೂಳು, ಗವೆರ್ಮಿ, ಇಂಥವು. ಸುಮ್ನೆ ಗಟ್ಟಿಯಾಗಿ ಓದಬೇಕು. ಯಾಕೆ ಹೀಗೆ ಅಂದರೆ, ಗೊತ್ತಿರುವ ಪದ ಆದರೆ ನಾವು ಊಹೆ ಮಾಡಿಬಿಡುತ್ತೇವೆ. ಸಂದರ್ಭ ನೋಡಿ, ಮೊದಲ ಅಕ್ಷರ ನೋಡಿ, ಮಿಕ್ಕದ್ದನ್ನು ತುಂಬಿಕೊಳ್ಳುತ್ತೇವೆ. ನಾನು ವರ್ಷಗಟ್ಟಲೆ ದಾಟಿ ಬಂದಿದ್ದೇ ಹಾಗೆ. ಅರ್ಥವಿಲ್ಲದ ಪದದ ಮುಂದೆ ಆ ದಾರಿ ಮುಚ್ಚಿಹೋಗುತ್ತದೆ. ಅಕ್ಷರದಿಂದ ಶಬ್ದಕ್ಕೆ ಹೋಗುವುದೊಂದೇ ಉಳಿಯುತ್ತದೆ. ಮೂರನೇ ಸಾಲಿಗೆ ಬರುವಷ್ಟರಲ್ಲಿ ನನ್ನ ಅಂಗೈ ಬೆವೆತು ಹಾಳೆಯ ಅಂಚು ಒದ್ದೆ ಆಗಿತ್ತು.

ಇನ್ನೊಂದು ಪರೀಕ್ಷೆಯಲ್ಲಿ ಬಣ್ಣದ ಚೌಕಗಳ ಸಾಲು ತೋರಿಸಿ, ಆದಷ್ಟು ಬೇಗ ಹೆಸರು ಹೇಳುತ್ತಾ ಹೋಗು ಅಂದರು. ಕೆಂಪು, ನೀಲಿ, ಹಸಿರು, ಮತ್ತೆ ನೀಲಿ. ಬಣ್ಣ ಗೊತ್ತಿಲ್ಲದವರು ಯಾರು? ಆದರೂ ನನ್ನ ಬಾಯಿಗೆ ಹೆಸರು ಬರುವುದು ಒಂದು ಗಳಿಗೆ ತಡವಾಗುತ್ತಿತ್ತು. ನೋಡಿದ್ದಕ್ಕೆ ತಕ್ಷಣ ಹೆಸರು ಹಚ್ಚುವ ಈ ವೇಗಕ್ಕೂ ಓದುವ ವೇಗಕ್ಕೂ ನಂಟಿದೆ ಎಂದು 1970ರ ದಶಕದಿಂದಲೇ ಸಂಶೋಧಕರು ತೋರಿಸುತ್ತಾ ಬಂದಿದ್ದಾರಂತೆ. ಅಲ್ಲಿ ಒಂದು ಅಕ್ಷರವೂ ಇರಲಿಲ್ಲ, ಬರೀ ಬಣ್ಣ. ಇಷ್ಟು ವರ್ಷ ಇದು ಸೋಮಾರಿತನ ಅಂತ ಕೇಳಿಸಿಕೊಂಡವಳಿಗೆ ಆ ಬಣ್ಣದ ಹಾಳೆ ಎಷ್ಟು ಸಮಾಧಾನ ಕೊಟ್ಟಿತು ಅಂತ ಹೇಳಲಾರೆ.

ಕೊನೆಗೆ ಅವರು ಇನ್ನೊಂದು ವಿಷಯ ತಿಳಿಸಿದರು. ನಡುನಡುವೆ ಕೆಲವು ಪರೀಕ್ಷೆಗಳು ಬೇರೆಯದೇ ಕಾರಣಕ್ಕೆ ಇದ್ದವು. ಬೇಕಂತಲೇ ಕೆಟ್ಟದಾಗಿ ಮಾಡುತ್ತಿದ್ದಾರಾ, ಪೂರ್ತಿ ಪ್ರಯತ್ನ ಹಾಕುತ್ತಿದ್ದಾರಾ ಅಂತ ಕಂಡುಹಿಡಿಯುವುದಕ್ಕೆ. ನನಗೆ ಬೇಜಾರಾಗಲಿಲ್ಲ, ಖುಷಿಯೇ ಆಯಿತು. ಯಾರೋ ನನ್ನನ್ನು ಅನುಮಾನಿಸಿ, ಪರೀಕ್ಷಿಸಿ, ಆಮೇಲೆ ನಂಬಿದ್ದರು. ಆ ನಂಬಿಕೆಗೆ ಬೆಲೆ ಜಾಸ್ತಿ.

ರಿಪೋರ್ಟಿನ ಸಾರ ಇಷ್ಟು: ಪದಸಂಪತ್ತು, ತರ್ಕ ನನ್ನ ವಯಸ್ಸಿನ ಬಹುಪಾಲು ಜನರಿಗಿಂತ ಮೇಲೆ. ಓದುವ ವೇಗದಲ್ಲಿ ನನ್ನ ವಯಸ್ಸಿನ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ನಾನು ಕೆಳಗಿನಿಂದ ಎಂಟನೆಯವಳು. ಹಿಂದೆಲ್ಲ ಬುದ್ಧಿಮತ್ತೆಯ ಅಂಕಕ್ಕೂ ಓದಿನ ಅಂಕಕ್ಕೂ ದೊಡ್ಡ ಅಂತರ ಇದ್ದರೆ ಮಾತ್ರ ಡಿಸ್ಲೆಕ್ಸಿಯಾ ಅನ್ನುತ್ತಿದ್ದರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್ಎಂ-5 ಕೈಪಿಡಿಯಲ್ಲಿ ಆ ಷರತ್ತು ಇಲ್ಲ. ಓದುವ ಮಟ್ಟ ವಯಸ್ಸಿಗೆ ಇರಬೇಕಾದ್ದಕ್ಕಿಂತ ಬಹಳ ಕೆಳಗಿರಬೇಕು, ಅದು ಓದಿಗೋ ಕೆಲಸಕ್ಕೋ ದಿನದ ಬದುಕಿಗೋ ಅಡ್ಡ ಬರುತ್ತಿರಬೇಕು, ಚಿಕ್ಕಂದಿನಿಂದಲೇ ಶುರುವಾಗಿರಬೇಕು, ಅದಕ್ಕೆ ಕಣ್ಣು, ಕಿವಿಯ ದೋಷದಂಥ ಬೇರೆ ಕಾರಣ ಇರಬಾರದು. ನನ್ನದು ಇಷ್ಟಕ್ಕೂ ಹೊಂದುತ್ತಿತ್ತು.

ರಿಪೋರ್ಟ್ ಹಿಡಿದುಕೊಂಡು ಪರೀಕ್ಷಾ ವಿಭಾಗಕ್ಕೆ ಹೋದೆ. ಅಲ್ಲಿದ್ದ ಅಧಿಕಾರಿ ಕೊನೆಯ ಪುಟ ತಿರುವಿ ನೋಡಿದರು. "ನೀನು ಒಂದು ವಿಷಯದಲ್ಲೂ ಫೇಲ್ ಆಗಿಲ್ವಲ್ಲಮ್ಮ. ಪಾಸಾಗ್ತಿರೋರಿಗೆ ಯಾಕೆ ಹೆಚ್ಚುವರಿ ಸಮಯ?" ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು. ಅವರ ಲೆಕ್ಕದಲ್ಲಿ ಈ ಸೌಲಭ್ಯ ಇರುವುದು ಮುಳುಗುವವರನ್ನು ಎತ್ತುವುದಕ್ಕೆ. ಆದರೆ ಪರೀಕ್ಷೆಯಿಂದ ಗೊತ್ತಾಗಬೇಕಾದ್ದು ಪಾಸೋ ಫೇಲೋ ಅಷ್ಟೇ ಅಲ್ಲವಲ್ಲ. ಎಷ್ಟು ಗೊತ್ತಿದೆ ಅನ್ನುವುದೂ ಗೊತ್ತಾಗಬೇಕು. ಮೂರು ಪ್ರಶ್ನೆಗೆ ಉತ್ತರ ಬರೆದು ಪಾಸಾದವಳಿಗೆ ಎಂಟಕ್ಕೂ ಉತ್ತರ ಗೊತ್ತಿದ್ದರೆ, ಆ ಅಂಕಪಟ್ಟಿ ಸುಳ್ಳು ಹೇಳುತ್ತಿದೆ ಅಂತ ಅರ್ಥ. ನಾನು ಇದನ್ನೇ ಅವರಿಗೆ ಹೇಳಿದೆ, ಇಷ್ಟು ನೇರವಾಗಿ ಅಲ್ಲ. ಅರ್ಜಿ ವಾಪಸ್ ಬಂತು. ಮೇಡಂ ಒಂದು ಪತ್ರ ಬರೆದುಕೊಟ್ಟರು, ನನ್ನ ಉತ್ತರ ಪತ್ರಿಕೆಗಳ ಪ್ರತಿ ಲಗತ್ತಿಸಿದರು, ಮತ್ತೆ ಕೊಟ್ಟೆವು. ಈ ಸಲ ಒಪ್ಪಿಗೆ ಸಿಕ್ಕಿತು. ಮಿಕ್ಕ ಓಡಾಟದ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಎಲ್ಲಾ ಕಚೇರಿಗಳ ಓಡಾಟದ ಹಾಗೇ ಅದೂ.

ವಿಷಯ ಕ್ಲಾಸಿನಲ್ಲಿ ಹರಡಿತು. ನನ್ನ ಹತ್ತಿರದ ಗೆಳತಿಯೇ ಮೊದಲು ಜಗಳಕ್ಕೆ ಬಂದಿದ್ದು. "ನಾನೂ ಒಂದ್ಸಲವೂ ಪೇಪರ್ ಮುಗಿಸಿಲ್ಲ ಕಣೇ. ನಂಗೂ ಒಂದು ಗಂಟೆ ಕೊಟ್ರೆ ನಂಗೂ ಹದಿನೈದು ಮಾರ್ಕ್ಸ್ ಜಾಸ್ತಿ ಬರುತ್ತೆ. ನಿಂಗೆ ರಿಪೋರ್ಟ್ ಇದೆ ಅಂತ ನಿಂಗೆ, ನಂಗೆ ಇಲ್ಲ ಅಂತ ಇಲ್ಲ. ಇದ್ಯಾವ ನ್ಯಾಯ?"

ನಾನು ಆಗ ಎಲ್ಲರೂ ಹೇಳುವ ಮಾತನ್ನೇ ಹೇಳಿದೆ. ಕಣ್ಣು ಕಾಣದವರಿಗೆ ಕನ್ನಡಕ ಕೊಡಲ್ವಾ, ಅದೇ ಥರ ಇದು. ಅವಳು ಬಿಡಲಿಲ್ಲ. "ಕನ್ನಡಕ ನಾನು ಹಾಕ್ಕೊಂಡ್ರೆ ನಂಗೆ ಏನೂ ಲಾಭ ಇಲ್ಲ, ತಲೆನೋವು ಬರುತ್ತೆ ಅಷ್ಟೇ. ಟೈಮ್ ಕೊಟ್ರೆ ನಂಗೂ ಲಾಭ. ಎರಡೂ ಒಂದೇ ಹೇಗಾಗುತ್ತೆ?"

ಅವಳು ಹೇಳಿದ್ದರಲ್ಲಿ ಹುರುಳಿತ್ತು. ಈ ವಾದವನ್ನು ಸಂಶೋಧಕರೂ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಒಂದು ಸೌಲಭ್ಯ ನ್ಯಾಯದ್ದು ಅನ್ನಿಸಿಕೊಳ್ಳಬೇಕಾದರೆ ಅದು ತೊಂದರೆ ಇರುವವರ ಅಂಕ ಮಾತ್ರ ಏರಿಸಬೇಕು, ಮಿಕ್ಕವರ ಅಂಕ ಹಾಗೇ ಇರಬೇಕು, ಇದು ಹಳೆಯ ಅಳತೆಗೋಲು. 2005ರಲ್ಲಿ ಸೈರೆಸಿ, ಸ್ಕಾರ್ಪಾಟಿ, ಲೀ ಎಂಬ ಮೂವರು ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಹೆಚ್ಚುವರಿ ಸಮಯದಿಂದ ಎರಡೂ ಗುಂಪಿಗೂ ಲಾಭ ಇದೆ, ತೊಂದರೆ ಇರುವವರಿಗೆ ಆಗುವ ಲಾಭ ಜಾಸ್ತಿ, ಇದು ಅವರಿಗೆ ಕಂಡದ್ದು. ಅಂದರೆ ಗೆಳತಿಯದೂ ಅರ್ಧ ಸರಿ, ನನ್ನದೂ ಅರ್ಧ ಸರಿ.

ಆದರೆ ಅಲ್ಲಿಂದ ಮುಂದೆ ಯೋಚಿಸಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ತೊಂದರೆ ಇಲ್ಲದವರಿಗೂ ಸಮಯ ಸಾಲುತ್ತಿಲ್ಲ ಅಂದರೆ ಆ ಪತ್ರಿಕೆ ಅಳೆಯುತ್ತಿರುವುದು ಏನನ್ನು? ಅರ್ಥಶಾಸ್ತ್ರವನ್ನೋ, ಕೈ ಓಡುವ ವೇಗವನ್ನೋ? ವೇಗವೇ ಬೇಕಾದ ಕೆಲಸಗಳಿವೆ. ಟೈಪಿಂಗ್ ಪರೀಕ್ಷೆಯಲ್ಲಿ ನನಗೆ ಹೆಚ್ಚು ಸಮಯ ಕೊಟ್ಟರೆ ಅದು ಟೈಪಿಂಗ್ ಪರೀಕ್ಷೆಯೇ ಅಲ್ಲ. ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಕೆಲಸಕ್ಕೆ ಆಯ್ಕೆ ಮಾಡುವಾಗ ವೇಗ ನೋಡಲೇಬೇಕು. ಅಲ್ಲಿ ನಾನು ಹೆಚ್ಚುವರಿ ಸಮಯ ಕೇಳುವುದಿಲ್ಲ, ಕೇಳಬಾರದು ಕೂಡ. ಹಣದುಬ್ಬರಕ್ಕೆ ಕಾರಣ ಏನು ಅಂತ ವಿವರಿಸುವುದಕ್ಕೆ ಯಾಕೆ ಓಟ? ಅಲ್ಲಿ ವೇಗಕ್ಕೆ ಅಂಕ ಕೊಡುತ್ತೇವೆ ಅಂತ ಪಠ್ಯಕ್ರಮದಲ್ಲಿ ಎಲ್ಲೂ ಬರೆದಿಲ್ಲ. ಬರೆಯದೇ ಇದ್ದರೂ ಅಂಕ ಕಳೆಯುತ್ತಾರೆ.

ಬ್ರಿಟನ್ನಿನಲ್ಲಿ ಈ ಗೆರೆಯನ್ನು ಒಂದು ಕಡೆ ಸ್ಪಷ್ಟವಾಗಿ ಎಳೆದಿದ್ದಾರೆ. ಅಲ್ಲಿ ಓದಿ ಹೇಳುವ ಸಹಾಯಕರನ್ನು ಬೇರೆ ವಿಷಯಗಳ ಪತ್ರಿಕೆಗೆ ಕೊಡುತ್ತಾರೆ. ಓದುವ ಸಾಮರ್ಥ್ಯವನ್ನೇ ಅಳೆಯುವ ಭಾಗದಲ್ಲಿ ಮನುಷ್ಯರು ಓದಿ ಹೇಳುವ ಹಾಗಿಲ್ಲ. ನನಗೆ ಇದು ನ್ಯಾಯ ಅನಿಸುತ್ತದೆ. ಪ್ರತಿ ಪತ್ರಿಕೆಗೂ ಇದೇ ಪ್ರಶ್ನೆ ಕೇಳಿ ನೋಡಬೇಕು, ಇಲ್ಲಿ ಅಳೆಯುವುದು ಏನು ಅಂತ.

ಎಷ್ಟು ಸಮಯ ಅನ್ನುವುದರಲ್ಲೂ ಒಂದು ಲೆಕ್ಕ ಇದೆ ಅಂದುಕೊಂಡಿದ್ದೆ. ನನ್ನ ರಿಪೋರ್ಟಿನ ಅಂಕಿ ನೋಡಿ ನನಗೆ ಬೇಕಾದ ನಿಮಿಷ ತೀರ್ಮಾನ ಮಾಡುತ್ತಾರೆ ಅಂತ. ಹಾಗೇನಿಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಕೊಡುವುದು ಶೇಕಡಾ 25. ಅಂಗವಿಕಲರ ಲಿಖಿತ ಪರೀಕ್ಷೆಗಳಿಗಾಗಿ ಭಾರತ ಹೊರಡಿಸಿದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ. ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಎಸ್ಎಟಿ ಪರೀಕ್ಷೆಯಲ್ಲಿ ಹೆಚ್ಚಾಗಿ ಶೇಕಡಾ 50. ಮೂರು ಗಂಟೆಯ ಪತ್ರಿಕೆಗೆ ಹಚ್ಚಿ ನೋಡಿ, ಒಂದು ಕಡೆ 45 ನಿಮಿಷ, ಇನ್ನೊಂದು ಕಡೆ 60, ಮತ್ತೊಂದು ಕಡೆ 90. ಓದುವವಳು ಅದೇ ಹುಡುಗಿ, ಅದೇ ಮಿದುಳು. ಈ ಅಂಕಿಗಳು ಆಡಳಿತಕ್ಕೆ ಅನುಕೂಲ ಅಂತ ಇಟ್ಟುಕೊಂಡವು. ತಪ್ಪು ಅಂತಲ್ಲ, ಎಲ್ಲೋ ಒಂದು ಕಡೆ ಗೆರೆ ಹಾಕಲೇಬೇಕು. ಆದರೆ ಇದೇ ಅಳೆದು ತೂಗಿದ ನ್ಯಾಯ ಅಂತ ಯಾರೂ ಹೇಳಬಾರದು.

ಪರೀಕ್ಷೆಯ ದಿನ ನನ್ನನ್ನು ಬೇರೆ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಇನ್ನೊಬ್ಬ ಹುಡುಗ ಇದ್ದ. ಅವನ ಕೈ ನಡುಗುತ್ತದೆ, ಬರೆಯಲು ಲಿಪಿಕಾರರು ಬಂದಿದ್ದರು. ಅವನು ಮೆಲ್ಲಗೆ ಉತ್ತರ ಹೇಳುತ್ತಿದ್ದ, ಅವರು ಬರೆಯುತ್ತಿದ್ದರು. "ಹೊಸ ಪ್ಯಾರಾ… ಇಲ್ಲಿ ಫುಲ್‌ಸ್ಟಾಪ್…" ಅಕ್ಷರ ಬಿಡಿಸಿಕೊಂಡು ಓದುವವಳಿಗೆ ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಹೇಗಿರುತ್ತದೆ ಅಂತ ಹೇಳುವುದು ಕಷ್ಟ. ಕಣ್ಣಲ್ಲಿ ಒಂದು ವಾಕ್ಯ, ಕಿವಿಯಲ್ಲಿ ಇನ್ನೊಂದು. ಅವನಿಗೂ ನಾನಿದ್ದೇನೆ ಅಂತ ಸಂಕೋಚ, ದನಿ ಇಳಿಸುತ್ತಿದ್ದ, ಲಿಪಿಕಾರರಿಗೆ ಕೇಳಿಸುತ್ತಿರಲಿಲ್ಲ. ಇಬ್ಬರಿಗೂ ಸೌಲಭ್ಯ ಕೊಟ್ಟಿದ್ದರು, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಹಾಕಿ ಅರ್ಧ ವಾಪಸ್ ತೆಗೆದುಕೊಂಡಿದ್ದರು. ಮೇಲ್ವಿಚಾರಕರಿಗೆ ಹೇಳಿದೆ. ಅವರು ತಾವೇ ಎದ್ದು ಹೋಗಿ ವಿಚಾರಿಸಿ, ಅವನನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿಗೆ ಇಬ್ಬರಿಗೂ ಉಸಿರು ಬಂದ ಹಾಗಾಯಿತು.

ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಆ ಒಂದು ಗಂಟೆ ಏನು ಮಾಡಿತು ಅಂತ ಹೇಳುತ್ತೇನೆ. ಅದು ಹೋಗಿದ್ದು ಬಹುತೇಕ ಓದುವುದಕ್ಕೇ. ಒಂದು ಅಂಕದ ಪ್ರಶ್ನೆಗಳಲ್ಲಿ ಹೀಗೊಂದಿತ್ತು: 'ಕೆಳಗಿನವುಗಳಲ್ಲಿ ಯಾವುದು ಬೇಡಿಕೆ ಕುಸಿಯಲು ಕಾರಣವಲ್ಲ?' ಮೊದಲ ಸಲ ಓದಿದಾಗ ನನಗೆ ಸಿಕ್ಕಿದ್ದು 'ಕಾರಣ' ಅಷ್ಟೇ. ಕನ್ನಡದಲ್ಲಿ ಆ 'ಅಲ್ಲ' ಬರುವುದು ಪದದ ಬಾಲದಲ್ಲಿ. ನಾನು ಪದದ ತಲೆ ನೋಡಿ ಮಿಕ್ಕದ್ದನ್ನು ಊಹಿಸಿ ಓಡುವವಳು. ಹಳೆಯ ಪರೀಕ್ಷೆಗಳಲ್ಲಿ ಇಂಥ ಎಷ್ಟು ಬಾಲಗಳು ಹೋಗಿದ್ದವೋ ಏನೋ. ಈ ಸಲ ಪ್ರತಿ ಪ್ರಶ್ನೆಯನ್ನೂ ಎರಡನೇ ಸಲ ಓದುವಷ್ಟು ಸಮಯ ಇತ್ತು. ಪೆನ್ಸಿಲ್ ತುದಿ ಪದದ ಕೆಳಗೆ ಇಟ್ಟುಕೊಂಡು ಕೊನೆಯ ಅಕ್ಷರದವರೆಗೂ ಹೋದೆ. 'ವಲ್ಲ' ಸಿಕ್ಕಿತು. ಆ ಅಂಕ ನನಗೆ ಬಂದಿದ್ದು ನನಗೆ ಬೇಡಿಕೆಯ ನಿಯಮ ಗೊತ್ತಿದ್ದರಿಂದ. ಗಂಟೆ ಸುಮ್ನೆ ದಾನ ಕೊಟ್ಟ ಅಂಕ ಅಲ್ಲ ಅದು.

ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಕಥೆಯೇ ಬೇರೆ. ಅಲ್ಲಿ ಓದುವುದು ಕಡಿಮೆ, ಲೆಕ್ಕ ಜಾಸ್ತಿ. ಬರೀ ಲೆಕ್ಕದ ಪ್ರಶ್ನೆಗಳನ್ನು ನಾನು ಎಲ್ಲರಷ್ಟೇ ವೇಗವಾಗಿ ಮಾಡುತ್ತೇನೆ. ಮೂರು ಗಂಟೆಗೆ ಸ್ವಲ್ಪ ಮುಂಚೆಯೇ ಮುಗಿಯಿತು. ಉಳಿದ ಸಮಯದಲ್ಲಿ ಕೂತು ಎಲ್ಲಾ ಲೆಕ್ಕಗಳನ್ನೂ ಮತ್ತೆ ಮಾಡಿ ತಾಳೆ ನೋಡಬಹುದಿತ್ತು. ಗೆಳತಿಗೆ ಆ ಅವಕಾಶ ಇರಲಿಲ್ಲ. ನಾನು ಪತ್ರಿಕೆ ಕೊಟ್ಟು ಎದ್ದು ಬಂದೆ. ಮೇಲ್ವಿಚಾರಕರಿಗೆ ಆಶ್ಚರ್ಯ. "ಇನ್ನೂ ಟೈಮ್ ಇದೆಯಲ್ಲಮ್ಮ" ಅಂದರು. ಸಾಕು ಸರ್ ಅಂದೆ. ಆ ಪತ್ರಿಕೆಯಲ್ಲಿ ಆ ಗಂಟೆ ನನ್ನದಲ್ಲ ಅಂತ ನನಗೆ ಖಚಿತವಾಗಿತ್ತು. ಅದನ್ನು ತಿರಸ್ಕರಿಸುವುದು ನನ್ನ ಒಳ್ಳೆಯತನಕ್ಕೆ ಬಿಟ್ಟ ವಿಷಯ ಆಗಬಾರದು ಅಷ್ಟೇ. ನಿಯಮವೇ ಪತ್ರಿಕೆ ನೋಡಿ ತೀರ್ಮಾನ ಮಾಡಬೇಕಿತ್ತು.

ಉತ್ತರ ಪತ್ರಿಕೆಯ ಮುಖಪುಟದ ಮೇಲೆ ಕೆಂಪು ಸೀಲ್ ಒತ್ತಿದ್ದರು. ಹೆಚ್ಚುವರಿ ಸಮಯ ನೀಡಲಾಗಿದೆ. ಮೌಲ್ಯಮಾಪಕರು ಮೊದಲು ನೋಡುವುದೇ ಅದನ್ನು. ಕೆಲವರಿಗೆ ಕನಿಕರ ಬರಬಹುದು, ಕೆಲವರಿಗೆ ಅಸಡ್ಡೆ ಬರಬಹುದು. ನನಗೆ ಎರಡೂ ಬೇಡ. ಅಮೆರಿಕದಲ್ಲೂ ಹಿಂದೆ ಹೆಚ್ಚುವರಿ ಸಮಯ ಪಡೆದವರ ಎಸ್ಎಟಿ ಅಂಕಗಳಿಗೆ ಗುರುತು ಹಾಕಿ ಕಾಲೇಜುಗಳಿಗೆ ಕಳಿಸುತ್ತಿದ್ದರು. 2003ರಲ್ಲಿ ಅದನ್ನು ನಿಲ್ಲಿಸಿದರು. ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಎಲ್ಎಸ್ಎಟಿಯಲ್ಲಿ ಅದು ನಿಲ್ಲಲು 2014ರವರೆಗೆ ಕಾಯಬೇಕಾಯಿತು, ಅದೂ ಕೋರ್ಟಿನ ಮೂಲಕ. ಗುರುತು ಇರಲಿ ಅನ್ನುವವರ ವಾದವೂ ಇದೆ: ಅಂಕ ಬೇರೆ ಸ್ಥಿತಿಯಲ್ಲಿ ಬಂದದ್ದು, ನೋಡುವವರಿಗೆ ತಿಳಿದಿರಲಿ ಅಂತ. ಆದರೆ ಸಮಯ ಕೊಟ್ಟಿದ್ದು ಅಡ್ಡಿ ತೆಗೆಯುವುದಕ್ಕೆ ಅಂತ ಒಪ್ಪಿದ ಮೇಲೆ, ಅಡ್ಡಿ ತೆಗೆದಿದ್ದೇವೆ ಹುಷಾರು ಅಂತ ಬೋರ್ಡ್ ಹಾಕುವುದು ಯಾಕೆ?

2019ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಬಯಲಾದ ಪ್ರವೇಶ ಹಗರಣವನ್ನೂ ಗೆಳತಿ ನನ್ನ ಮುಂದೆ ಹಿಡಿದಿದ್ದಳು. ದುಡ್ಡಿರುವ ಕೆಲವು ತಂದೆ ತಾಯಿ ಮಕ್ಕಳಿಗೆ ಕಲಿಕಾ ತೊಂದರೆ ಇದೆ ಅಂತ ರಿಪೋರ್ಟ್ ಮಾಡಿಸಿ, ಹೆಚ್ಚುವರಿ ಸಮಯ ಪಡೆದು, ಮೊದಲೇ ಲಂಚ ಕೊಟ್ಟು ಗೊತ್ತುಮಾಡಿಕೊಂಡ ಕೇಂದ್ರದಲ್ಲಿ ಪರೀಕ್ಷೆ ಬರೆಸಿದ್ದರು. ಅದನ್ನು ಓದಿದಾಗ ನನಗೆ ಬಂದಷ್ಟು ಸಿಟ್ಟು ಅವಳಿಗೂ ಬಂದಿರಲಿಕ್ಕಿಲ್ಲ. ಅವರು ಕದ್ದಿದ್ದು ಬರೀ ಸೀಟಲ್ಲ. ನನ್ನ ಬೆವೆತ ಅಂಗೈ, ಆ ಬಣ್ಣದ ಹಾಳೆ, ಎಲ್ಲದರ ಮೇಲೂ ಅನುಮಾನ ಬೀಳುವ ಹಾಗೆ ಮಾಡಿದರು.

ಆದರೆ ಮೋಸ ಮಾಡಿ ಒಳಗೆ ಬಂದವರಿಗಿಂತ ನನ್ನನ್ನು ಜಾಸ್ತಿ ಕಾಡುವುದು ಹೊರಗೇ ಉಳಿದವರು. ನಮ್ಮ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬ ಹುಡುಗ ಇದ್ದ. ನಾನು ಓದುವ ಹಾಗೇ ಓದುತ್ತಿದ್ದ, ತುಟಿ ಅಲ್ಲಾಡಿಸುತ್ತಾ, ಬೆರಳಿಟ್ಟುಕೊಂಡು. ನನಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಅಸೆಸ್‌ಮೆಂಟ್ ಮಾಡಿಸು ಅಂದೆ. ಖರ್ಚು ಎಷ್ಟು ಅಂತ ಕೇಳಿದ, ಹೇಳಿದೆ, ನಕ್ಕು ಸುಮ್ಮನಾದ. ಅವನ ತೊಂದರೆ ನನ್ನದಕ್ಕಿಂತ ಕಡಿಮೆ ಇರಲಿಲ್ಲ. ಕಾಗದ ಇರಲಿಲ್ಲ ಅಷ್ಟೇ. ನನಗೆ ಸಮಯ ಕೊಟ್ಟಿದ್ದು ಗೆಳತಿಗೆ ಅನ್ಯಾಯ ಹೌದೋ ಅಲ್ಲವೋ ಅಂತ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಅವನಿಗೆ ಕೊಡದೇ ಇದ್ದದ್ದು ಅನ್ಯಾಯ ಅನ್ನುವುದರಲ್ಲಿ ಚರ್ಚೆಗೆ ಜಾಗವೇ ಇಲ್ಲ, ಅದರ ಬಗ್ಗೆ ಮಾತೇ ಇಲ್ಲ. ಅವನು ಎರಡನೇ ವರ್ಷದ ಕೊನೆಗೆ ಕಾಲೇಜು ಬಿಟ್ಟ.

ಅವನು ಬಿಟ್ಟ ಮೇಲೆ ನಾನು, ಗೆಳತಿ ಕೂತು ಮತ್ತೆ ಮಾತಾಡಿದೆವು. ಈ ಸಲ ಜಗಳ ಇರಲಿಲ್ಲ. ಪತ್ರಿಕೆಯನ್ನೇ ಚಿಕ್ಕದು ಮಾಡಿದರೆ ಹೇಗೆ ಅಂತ ಅವಳೇ ಕೇಳಿದಳು. ಎರಡು ಗಂಟೆಯಲ್ಲಿ ಮುಗಿಯುವಷ್ಟು ಪ್ರಶ್ನೆ ಇಟ್ಟು ಎಲ್ಲರಿಗೂ ಮೂರು ಗಂಟೆ ಕೊಡಲಿ. ಆಗ ಅವಳಿಗೂ ಸಾಕು, ಆ ಹುಡುಗನಂಥವರಿಗೂ ಕಾಗದ ಇಲ್ಲದೆಯೇ ಸ್ವಲ್ಪ ಆಸರೆ. ನನ್ನಂಥವರಿಗೆ ಅದೂ ಸಾಲದೇ ಇರಬಹುದು, ಅಂಥವರಿಗೆ ಮಾತ್ರ ಮೇಲೆ ಇನ್ನಷ್ಟು. ಎಲ್ಲರಿಗೂ ಸಮಯ ಸಾಲುವ ಪತ್ರಿಕೆಯಲ್ಲಿ ನನಗೆ ಸಿಗುವ ಹೆಚ್ಚುವರಿ ಸಮಯದಿಂದ ಯಾರಿಗೂ ಏನೂ ನಷ್ಟವಿಲ್ಲ. ಯಾಕೆಂದರೆ ಅವರಿಗೆ ಅದು ಬೇಕಾಗಿಯೇ ಇರುವುದಿಲ್ಲ. ಇದನ್ನೇ ಬರೆದು, ಕ್ಲಾಸಿನವರ ಸಹಿ ಹಾಕಿಸಿ, ಅವಳು ವಿಭಾಗಕ್ಕೆ ಕೊಟ್ಟಳು. ಸಹಿ ಹಾಕಿಸಲು ಓಡಾಡಿದ್ದೂ ಅವಳೇ.

ಪ್ರತಿ ವರ್ಷ ಅರ್ಜಿ ಹೊಸದಾಗಿ ಕೊಡಬೇಕು, ಡಿಸ್ಲೆಕ್ಸಿಯಾ ವರ್ಷಕ್ಕೊಮ್ಮೆ ವಾಸಿಯಾಗುವ ಕಾಯಿಲೆ ಅನ್ನುವ ಹಾಗೆ. ಈ ವರ್ಷದ ಅರ್ಜಿಯ ಜೊತೆ ನಾನೂ ಒಂದು ಪತ್ರ ಇಟ್ಟೆ. ಸಂಖ್ಯಾಶಾಸ್ತ್ರದ ಪತ್ರಿಕೆಗೆ ಹೆಚ್ಚುವರಿ ಸಮಯ ಬೇಡ, ಉದ್ದದ ಪ್ರಶ್ನೆಗಳನ್ನು ಓದಿ ಹೇಳುವವರು ಒಬ್ಬರಿದ್ದರೆ ಸಾಕು. ಅರ್ಥಶಾಸ್ತ್ರ, ಇತಿಹಾಸಕ್ಕೆ ಸಮಯ ಬೇಕು. ಮುಖಪುಟದ ಸೀಲ್ ಬೇಡ. ಅಧಿಕಾರಿ ಓದಿ, "ಫಾರಂನಲ್ಲಿ ಹೀಗೆ ಬೇರೆ ಬೇರೆ ಬರೆಯೋಕೆ ಜಾಗ ಇಲ್ಲಮ್ಮ. ಎಲ್ಲಾ ಪತ್ರಿಕೆಗೂ ತಗೋ, ಇಲ್ಲಾಂದ್ರೆ ಯಾವುದಕ್ಕೂ ಬೇಡ ಅಂತ ಬರಿ" ಅಂದರು. ಪತ್ರವನ್ನು ಕಡತಕ್ಕೆ ಸೇರಿಸಿಕೊಂಡು ನನಗೊಂದು ಸ್ವೀಕೃತಿ ಕೊಡಿ ಅಂತ ಕೇಳಿದೆ. ಕೊಟ್ಟರು.

ಅರ್ಥಶಾಸ್ತ್ರ ವಿಭಾಗ ಮುಂದಿನ ಸಲ ಒಂದು ಪತ್ರಿಕೆಯಲ್ಲಿ ಪ್ರಶ್ನೆಗಳನ್ನು ಕಡಿಮೆ ಮಾಡಿ ನೋಡಲು ಒಪ್ಪಿಕೊಂಡಿದೆ. ಸೀಲ್ ಮುಖಪುಟದಿಂದ ಹಿಂಬದಿಗೆ ಹೋಗಿದೆ. ಸಂಖ್ಯಾಶಾಸ್ತ್ರದ ಬಗ್ಗೆ ನನ್ನ ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ. ಮುಂದಿನ ವಾರ ಮತ್ತೆ ಹೋಗಿ ಕೇಳುತ್ತೇನೆ, ಗೆಳತಿಯೂ ಬರುತ್ತೇನೆ ಅಂದಿದ್ದಾಳೆ.